ಮನೆ ಗೆದ್ದು ಮಾರು ಗೆಲ್ಲೋಣ

‘ಮಾನಸಿಕ ಒತ್ತಡ’ ಎಂಬ ಮಾತು ಒಂದು ಕಾಲಕ್ಕೆ ಪೇಟೆಯ ದೊಡ್ಡ ಡಾಕ್ಟರರ ಕೋಣೆಯಲ್ಲಿ ಮಾತ್ರ ಕೇಳಿಬರುತ್ತಿತ್ತು. ಇಂದು ಅದು ಬದಿಯಡ್ಕದ ಬಸ್ ನಿಲ್ದಾಣದಲ್ಲಿಯೂ ಮುಳ್ಳೇರಿಯದ ಹೋಟೆಲಿನ ಬೆಂಚಿನ ಮೇಲೆಯೂ ಕೇಳಿಬರುತ್ತಿದೆ. ತೋಟದ ಅಡಿಕೆಗೆ ರೋಗ ತಗಲಿದವನಿಗೂ ಟೆನ್ಶನ್, ಪರೀಕ್ಷೆಗೆ ಕೂತ ಹುಡುಗಿಗೂ ಟೆನ್ಶನ್, ಮಗನಿಗೆ ಹೆಣ್ಣು ಸಿಗದ ತಾಯಿಗೂ ಟೆನ್ಶನ್. ಮಾತು ಹೊಸದಾದರೂ ಸಂಗತಿ ಹಳೆಯದು. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ನಮ್ಮ ಹಿರಿಯರು ಎಂದೋ ಹೇಳಿಬಿಟ್ಟಿದ್ದಾರೆ.

ವೈದ್ಯಶಾಸ್ತ್ರವು ಈ ವಿಷಯವನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಕಳೆದ ಶತಮಾನದಲ್ಲಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ಬಗ್ಗೆ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದನು. ಪೀಡೆ ಯಾವುದೇ ಇರಲಿ, ಅದು ಬಿಡದೆ ಕಾಡಿದರೆ ದೇಹ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸೊರಗುತ್ತದೆ ಎಂಬುದು ಅದರ ಸಾರ. ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಒಂದು ರಸವನ್ನು ರಕ್ತಕ್ಕೆ ಬಿಡುತ್ತವೆ, ಎದೆ ಬಡಿತ ಏರುತ್ತದೆ, ಹಸಿವೆ ಹಿಂಗುತ್ತದೆ. ಹಾವನ್ನು ಕಂಡು ಓಡುವವನಿಗೆ ಇದು ಉಪಕಾರವೇ. ಆದರೆ ಹಾವೇ ಇಲ್ಲದ ಮನೆಯಲ್ಲಿ ದಿನವಿಡೀ ಹಾವನ್ನು ಕಂಡವರಂತೆ ಬದುಕಿದರೆ ನಿದ್ದೆ, ಜೀರ್ಣ, ಜ್ಞಾಪಕಶಕ್ತಿ ಎಲ್ಲವೂ ಕೆಡುತ್ತವೆ.

ಇದಕ್ಕೆ ಪರಿಹಾರವಾಗಿ ಮನೆಯನ್ನು ಶಾಂತಿಯ ತಾಣವಾಗಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಗೋಡೆಗೆ ತಿಳಿಬಣ್ಣ ಬಳಿಯಿರಿ, ಕಿಟಿಕಿಗೆ ಪರದೆ ಹಾಕಿರಿ, ಮೂಲೆಯಲ್ಲಿ ಒಂದು ಹೂಕುಂಡ ಇಡಿರಿ ಎಂದು ಪೇಟೆಯ ಪತ್ರಿಕೆಗಳು ಬರೆಯುತ್ತವೆ. ಇವು ತಪ್ಪಲ್ಲ. ಆದರೆ ಕಾಸರಗೋಡಿನ ಕನ್ನಡ ಮನೆಯೊಂದಕ್ಕೆ ಒಳಬರುವ ಕಳವಳವು ಬಣ್ಣ ಬಳಿದರೆ ಹೋಗುವಂಥದ್ದಲ್ಲ. ಅದು ಶಾಲೆಯ ಚೀಲದೊಂದಿಗೆ, ಕಚೇರಿಯ ಕಾಗದದೊಂದಿಗೆ, ನೆರೆಹೊರೆಯವರ ಪ್ರಶ್ನೆಯೊಂದಿಗೆ ಒಳಬರುತ್ತದೆ. ಭಾಷೆಯ ಕುರಿತಾದ ಅಂಜಿಕೆಯನ್ನು ನಾವು ಪ್ರತಿದಿನ ಸಂಜೆ ಮನೆಯೊಳಕ್ಕೆ ಕರೆದು ಮಣೆ ಹಾಕಿ ಕುಳ್ಳಿರಿಸುತ್ತೇವೆ. ಅದನ್ನು ಅಂಗಳದ ಆಚೆಗೇ ನಿಲ್ಲಿಸದೆ ನಮ್ಮ ಮನೆಗಳಲ್ಲಿ ಶಾಂತಿ ನೆಲೆಸದು ಎಂಬುದೇ ಈ ಲೇಖನದ ಮಾತು.

ಅಂಗಳ ದಾಟಿ ಬಂದ ಅಂಜಿಕೆ

ನಮ್ಮ ಮಗುವೊಂದರ ದಿನಚರಿಯನ್ನು ನೋಡೋಣ. ಮನೆಯಲ್ಲಿ ತುಳುವೋ, ಹವ್ಯಕವೋ, ಕೊಂಕಣಿಯೋ, ಮರಾಠಿಯೋ. ತರಗತಿಯಲ್ಲಿ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಚೀಟಿ ಮಾಡಿಸುವಲ್ಲಿ ಮಲಯಾಳ. ಮುಂದಿನ ಓದಿಗೆ ಇಂಗ್ಲಿಷ್, ಜೊತೆಗೊಂದು ಹಿಂದಿ. ಇಷ್ಟು ಭಾಷೆಗಳ ಭಾರದಿಂದಲೇ ಮಕ್ಕಳು ಬಳಲುತ್ತಾರೆಂದು ಅನೇಕರು ತಿಳಿದಿದ್ದಾರೆ. ಆದರೆ ಭಾಷೆ ಹೆಚ್ಚಾದುದರಿಂದ ಯಾರೂ ಕೆಟ್ಟದ್ದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಅವರು ಕಲಿತ ಭಾಷೆಗಳು ಹತ್ತಾರು, ಬರೆದದ್ದು ಕನ್ನಡದಲ್ಲಿ, 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಕನ್ನಡ, ತುಳು ಎರಡರಲ್ಲೂ ಬರೆಯುತ್ತ, ಮಕ್ಕಳಿಗೆ ಪಾಠ ಹೇಳುತ್ತ, ತೋಟದ ಬೇಸಾಯ ಮಾಡುತ್ತ ಅವರು ನೂರು ವರ್ಷ ಬಾಳಿದರು. ಭಾಷೆ ಸೊತ್ತು, ಭಾಷೆಯ ಕುರಿತಾದ ಭಯವೇ ಸಾಲ.

ಈ ಭಯಕ್ಕೆ ಕಾರಣವಿಲ್ಲದಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ನಮ್ಮವರು ಬೀದಿಗಿಳಿದರು. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದ ಸಂಗತಿಯಂತೂ 2018ರಲ್ಲಿ ‘ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಲಚ್ಚಿತ್ರದ ಮೂಲಕ ಕರ್ನಾಟಕದ ಮೂಲೆಮೂಲೆಗೂ ತಿಳಿಯಿತು. ಮೂರು ತಲೆಮಾರುಗಳಿಂದ ಹೀಗೆ ಒಂದಲ್ಲ ಒಂದು ಆತಂಕವನ್ನು ಹೊತ್ತು ಬಂದ ಸಮಾಜ ನಮ್ಮದು.

ಆದರೆ ಆ ಆತಂಕವನ್ನು ನಾವು ಎಲ್ಲಿ ಇಳಿಸುತ್ತೇವೆ? ಊಟಕ್ಕೆ ಕುಳಿತಾಗ, ಮಕ್ಕಳ ಎದುರಿಗೆ. “ಕನ್ನಡ ಕಲಿತು ಎಂತ ಉಂಟು? ನಾಳೆ ಕೆಲಸ ಕೊಡುವವರು ಯಾರು?” ಎಂದು ಅಪ್ಪ ಕೇಳುತ್ತಾರೆ. “ಆಚೆಮನೆಯವರು ಮಗುವನ್ನು ಇಂಗ್ಲಿಷ್ ಶಾಲೆಗೆ ಹಾಕಿದರು, ನಾವು ಮಾತ್ರ ಹೀಗೆ” ಎಂದು ಅಮ್ಮ ಹೇಳುತ್ತಾರೆ. “ನಿಮ್ಮ ಸ್ವಾಭಿಮಾನವೆಲ್ಲ ಎಲ್ಲಿ ಹೋಯಿತು?” ಎಂದು ಅಜ್ಜ ಚಾವಡಿಯಿಂದ ಗದರುತ್ತಾರೆ. ಮೂವರೂ ಮಗುವಿನ ಒಳ್ಳೆಯದನ್ನೇ ಬಯಸುವವರು. ಆದರೆ ಗಂಜಿಯ ಬಟ್ಟಲಿನ ಎದುರು ತಲೆತಗ್ಗಿಸಿ ಕೂತ ಹತ್ತು ವರ್ಷದ ಮಗುವಿಗೆ ಅರ್ಥವಾಗುವುದು ಒಂದೇ: ತಾನು ಹೋಗುವ ಶಾಲೆ ಪ್ರಯೋಜನವಿಲ್ಲದ್ದು, ತಾನು ಕಲಿಯುವುದು ದಂಡ, ತನ್ನಿಂದಾಗಿ ಮನೆಯಲ್ಲಿ ಜಗಳ.

ತರಗತಿಯಲ್ಲಿ ನಿಂತು ನೋಡುವ ನಮಗೆ ಇದರ ಗುರುತು ಸಿಗುತ್ತದೆ. ಪಾಠ ತಿಳಿದಿದ್ದರೂ ಎದ್ದು ಉತ್ತರ ಹೇಳಲು ಹಿಂಜರಿಯುವ ಮಕ್ಕಳಿದ್ದಾರೆ. ಸೋಮವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವೆನ್ನುವ ಮಕ್ಕಳಿದ್ದಾರೆ. ರಕ್ಷಕರ ಸಭೆಯಲ್ಲಿ ಒಮ್ಮೆ ಒಬ್ಬ ತಾಯಿ, “ಮಾಸ್ಟ್ರೇ, ಇವ ಮನೆಯಲ್ಲಿ ಬಾಯಿಯೇ ಬಿಡುವುದಿಲ್ಲ, ಶಾಲೆಯಲ್ಲಿ ಹೇಗೆ?” ಎಂದು ಕೇಳಿದರು. ಶಾಲೆಯಲ್ಲಿ ಅವನು ಮಧ್ಯಾಹ್ನದ ಹೊತ್ತು ಗೆಳೆಯರನ್ನು ಸುತ್ತ ಕೂರಿಸಿಕೊಂಡು ಯಕ್ಷಗಾನದ ಹಾಸ್ಯಗಾರನನ್ನು ಅನುಕರಿಸಿ ನಗಿಸುವ ಹುಡುಗ. ಮನೆಯಲ್ಲಿ ಮಾತನಾಡಿದರೆ ಭಾಷೆಯ ತಪ್ಪು ಹುಡುಕುತ್ತಾರೆ, ಅಂಕದ ಲೆಕ್ಕ ಕೇಳುತ್ತಾರೆ ಎಂದು ಅವನು ಸುಮ್ಮನಿರುವುದನ್ನು ಕಲಿತಿದ್ದ. ಹೀಗೆ ಸುಮ್ಮನಾದ ಮಗುವನ್ನು ಕಂಡು ಮನೆ ಶಾಂತವಾಗಿದೆ ಎಂದು ಯಾರೂ ಭ್ರಮಿಸಬಾರದು.

ಮಾಧ್ಯಮದ ಪ್ರಶ್ನೆಯನ್ನು ಚರ್ಚಿಸಲೇಬಾರದೆಂದು ಇದರ ಅರ್ಥವಲ್ಲ. ಶಾಲೆಗೆ ಸೇರಿಸುವ ಮೊದಲು, ಮೇ ತಿಂಗಳಲ್ಲಿ, ಹಿರಿಯರೆಲ್ಲ ಕುಳಿತು ಮಕ್ಕಳು ಮಲಗಿದ ಮೇಲೆ ಚರ್ಚಿಸಲಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ನೀಡುವ ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಎಳೆಯರಿಗೆ ಮಾತೃಭಾಷೆಯೇ ಉತ್ತಮ ಮಾಧ್ಯಮವೆಂದು ಯುನೆಸ್ಕೋ ಸಂಸ್ಥೆ 1953ರಲ್ಲೇ ಹೇಳಿದೆ. ಇವನ್ನೆಲ್ಲ ತೂಗಿ ನೋಡಿ ಒಂದು ತೀರ್ಮಾನಕ್ಕೆ ಬಂದ ಮೇಲೆ ಅದಕ್ಕೆ ಬದ್ಧರಾಗಿರಿ. ಕನ್ನಡವೆಂದು ನಿಶ್ಚಯಿಸಿದರೆ ಮಗುವಿಗೆ ಅದು ಹೆಮ್ಮೆಯ ದಾರಿ ಎಂಬಂತೆ ನಡೆದುಕೊಳ್ಳಿ. ಬೇರೆ ಮಾಧ್ಯಮವೆಂದು ನಿಶ್ಚಯಿಸಿದ ಮನೆಯವರೂ ಮಗುವಿನ ಎದುರು ಕನ್ನಡವನ್ನು ಹಳಿಯಬೇಕಾಗಿಲ್ಲ. ನಿಶ್ಚಯವಾದ ಮಾತನ್ನು ವರ್ಷವಿಡೀ ಪ್ರತಿದಿನ ಕೆದಕುವುದು ಮಾತ್ರ ಮಾಯುತ್ತಿರುವ ಗಾಯದ ಹೊಪ್ಪಳೆ ಕೀಳುವ ಕೆಲಸ.

ಮಗು ದುಭಾಷಿಯಲ್ಲ

ಇನ್ನೊಂದು ಸಂಗತಿಯೂ ನಮ್ಮ ಜಿಲ್ಲೆಯ ವಿಶೇಷವೇ. ಮನೆಗೆ ಬರುವ ಸರಕಾರಿ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಅಜ್ಜಿಗೆ ಓದಲು ಬಾರದು, ಅಪ್ಪನಿಗೆ ಅಕ್ಷರ ಕೂಡಿಸಿ ಓದಲು ಅರ್ಧ ಗಂಟೆ ಬೇಕು. ಮಲಯಾಳವನ್ನು ಶಾಲೆಯಲ್ಲೋ ಗೆಳೆಯರಿಂದಲೋ ಕಲಿತ ಮಗುವೇ ಮನೆಯ ದುಭಾಷಿ. ವಿದ್ಯುತ್ ಬಿಲ್ಲನ್ನೋ ರೇಷನ್ ಕಾರ್ಡಿನ ಸೂಚನೆಯನ್ನೋ ಮಗು ಓದಿ ಹೇಳಿದರೆ ತೊಂದರೆಯಿಲ್ಲ. ಅದರಲ್ಲಿ ಮಗುವಿಗೆ ಒಂದು ಸಂತೋಷವೂ ಇದೆ. ಆದರೆ ಸಾಲದ ಕಂತು ತಪ್ಪಿದುದಕ್ಕೆ ಬಂದ ನೋಟೀಸನ್ನು, ಜಾಗದ ತಕರಾರಿನ ಕಾಗದವನ್ನು, ಅಜ್ಜನ ರೋಗದ ವರದಿಯನ್ನು ಎಂಟನೆಯ ತರಗತಿಯ ಹುಡುಗಿಯ ಕೈಗೆ ಕೊಟ್ಟು “ಇದರಲ್ಲಿ ಎಂತ ಬರೆದಿದೆ ನೋಡು ಮಗಾ” ಎಂದರೆ, ಕೆಟ್ಟ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಿಳಿಯುವವಳು ಅವಳು. ಹಿರಿಯರ ಮುಖ ಬಾಡುವುದನ್ನು ಎದುರಿಗೆ ನಿಂತು ನೋಡುವವಳೂ ಅವಳೇ. ಆ ರಾತ್ರಿ ಅವಳ ಪುಸ್ತಕದ ಅಕ್ಷರ ಅವಳ ಕಣ್ಣಿಗೆ ಹತ್ತೀತೆ?

ಇದಕ್ಕೆ ಉಪಾಯ ಎರಡು. ಒಂದು, ಹಕ್ಕಿನ ದಾರಿ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೂ ತಮ್ಮ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರಲ್ಲೇ ಕೇರಳದಲ್ಲಿ ಕಾನೂನು ಮಾಡಲಾಯಿತು. ಕನ್ನಡದಲ್ಲಿ ಅರ್ಜಿ ಬರೆಯುವವರೇ ಇಲ್ಲವಾದರೆ ಕನ್ನಡದಲ್ಲಿ ಉತ್ತರ ಕೊಡುವವರೂ ಇಲ್ಲವಾಗುತ್ತಾರೆ. ಇನ್ನೊಂದು, ಊರಿನ ದಾರಿ. ಪ್ರತಿ ಊರಲ್ಲಿಯೂ ಎರಡೂ ಭಾಷೆ ಬಲ್ಲ ಯುವಕರಿದ್ದಾರೆ, ನಿವೃತ್ತ ನೌಕರರಿದ್ದಾರೆ, ಗ್ರಂಥಾಲಯಗಳಿವೆ, ಯುವಕ ಸಂಘಗಳಿವೆ. ವಾರಕ್ಕೆ ಒಂದು ಸಂಜೆ ಒಂದು ಗಂಟೆ ಕುಳಿತು ಊರವರ ಕಾಗದಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಿದರೆ ಖರ್ಚು ಏನೂ ಇಲ್ಲ. ಹಿರಿಯರು ಮಲಯಾಳದ ಅಕ್ಷರ ಕಲಿತರೂ ಒಳ್ಳೆಯದೇ. ಮಲಯಾಳ ನಮ್ಮ ವೈರಿಯಲ್ಲ, ನೆರೆಯವರ ಮಾತು. ಅದು ತಿಳಿದಷ್ಟೂ ಅಂಜಿಕೆ ಕಡಿಮೆಯಾಗುತ್ತದೆ.

ಜಗಲಿ, ಬೆಳಕು, ನಿದ್ದೆ

ಮನೆಯ ಮಂದಿಯ ಮಾತು ಇಷ್ಟಾಯಿತು. ಇನ್ನು ಮನೆಯ ಕಟ್ಟಡಕ್ಕೆ ಬರೋಣ. ನಮ್ಮ ಹಿರಿಯರ ಮನೆಗಳಲ್ಲಿ ಅಂಗಳವಿತ್ತು, ಜಗಲಿಯಿತ್ತು, ಮುರಕಲ್ಲಿನ ಗೋಡೆಯಿತ್ತು, ಮೇಲೆ ಮುಳಿಹುಲ್ಲಿನ ಮಾಡು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹಂಚಿನ ಮಾಡು ಬಂತು. ಹಂಚಿನ ಸಂದಿನಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು. ಈಗಿನ ಕಾಂಕ್ರೀಟಿನ ತಾರಸಿ ಹಗಲಿಡೀ ಬಿಸಿಲು ಕುಡಿದು ರಾತ್ರಿ ಆ ಕಾವನ್ನು ಒಳಕ್ಕೆ ಬಿಡುತ್ತದೆ; ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೂ ನಿದ್ದೆಯಿಲ್ಲ. ಇಷ್ಟಾಗಿಯೂ ಹಳೆಯ ಮನೆಯನ್ನೇ ಮತ್ತೆ ಕಟ್ಟಿರೆಂದು ಹೇಳುವುದು ವ್ಯರ್ಥ. ಸೋರುವ ಮಾಡನ್ನು ವರ್ಷವರ್ಷ ಸರಿಪಡಿಸಿದವರಿಗೆ ತಾರಸಿಯ ಸುಖ ಗೊತ್ತು. ತಾರಸಿಯ ಮೇಲೆ ಬಿಳಿ ಸುಣ್ಣ ಬಳಿದರೆ ಕಾವು ಕಡಿಮೆಯಾಗುತ್ತದೆ. ಸಂಜೆ ಎದುರುಬದುರಿನ ಕಿಟಿಕಿಗಳನ್ನು ತೆರೆದಿಟ್ಟರೆ ಗಾಳಿ ಆಡುತ್ತದೆ. ಹೊಸ ಮನೆ ಕಟ್ಟುವವರು ಒಂದು ಕೋಣೆ ಕಡಿಮೆ ಮಾಡಿಯಾದರೂ ಎದುರಿಗೆ ನಾಲ್ಕು ಜನ ಕುಳಿತುಕೊಳ್ಳುವಷ್ಟು ಜಗಲಿ ಬಿಡಲಿ. ದಾರಿಹೋಕರೊಡನೆ ಎರಡು ಮಾತನಾಡುವ ಜಾಗ ಮನೆಗೆ ಬೇಕು.

ಕಣ್ಣಿಗೆ ಹಸಿರು ಕಾಣುವುದು ಬರಿಯ ಅಂದಕ್ಕಲ್ಲ. ಅಮೇರಿಕದ ರೋಜರ್ ಉಲ್ರಿಚ್ ಎಂಬವರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಯಾದವರ ದಾಖಲೆಗಳನ್ನು ಪರಿಶೀಲಿಸಿ 1984ರಲ್ಲಿ ಒಂದು ವರದಿ ಪ್ರಕಟಿಸಿದರು. ಕಿಟಿಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿಯನ್ನು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದ 23 ಮಂದಿಯೊಂದಿಗೆ ಹೋಲಿಸಿದಾಗ, ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಮದ್ದು ಕಡಿಮೆ ಸಾಕಾಯಿತು. ನಮಗಂತೂ ಹಸಿರಿಗೆ ಹಣ ಕೊಡಬೇಕಾಗಿಲ್ಲ. ಮಗುವಿನ ಓದುವ ಮೇಜನ್ನು ಗೋಡೆಯ ಕಡೆಯಿಂದ ತೆಗೆದು ತೋಟ ಕಾಣುವ ಕಿಟಿಕಿಯ ಕಡೆಗೆ ಸರಿಸಿದರಾಯಿತು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸುವ ಮೊದಲು, ತುಳಸಿಗೂ ಮಲ್ಲಿಗೆಗೂ ಒಂದು ಬಸಳೆ ಚಪ್ಪರಕ್ಕೂ ಮಣ್ಣು ಉಳಿಸಿಕೊಳ್ಳಿರಿ.

ಇನ್ನು ಸದ್ದು. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಧ್ವನಿವರ್ಧಕದವರ ಮೇಲೆ ದೂರು ಕೊಡುವ ನಾವು ನಮ್ಮ ಚಾವಡಿಯ ಟಿ.ವಿ.ಯ ಮೇಲೆ ಯಾರಿಗೆ ದೂರು ಕೊಡಬೇಕು? ಸಂಜೆ ಆರೂವರೆಗೆ ಆರಂಭವಾದ ಧಾರಾವಾಹಿಯ ಅಳು, ಅತ್ತೆ ಸೊಸೆಯರ ಕೂಗು, ನಡುನಡುವೆ ವಾರ್ತೆಯವರ ಜಗಳ, ಇನ್ನೊಂದು ಕೋಣೆಯಲ್ಲಿ ಮೊಬೈಲಿನ ಪದ್ಯ. ಇಷ್ಟರ ನಡುವೆ ಮಗು ಬೀಜಗಣಿತ ಮಾಡಬೇಕು. ಮುಸ್ಸಂಜೆಯ ಒಂದು ಗಂಟೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ನೋಡಿರಿ. ದೀಪ ಹಚ್ಚುವ ಮನೆಯಲ್ಲಿ ದೀಪ, ಭಜನೆಯಿರುವಲ್ಲಿ ಭಜನೆ, ನಮಾಜಿರುವಲ್ಲಿ ನಮಾಜು, ಜಪಸರವಿರುವಲ್ಲಿ ಪ್ರಾರ್ಥನೆ. ಇವೊಂದೂ ಇಲ್ಲದ ಮನೆಯಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂರುವುದು. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ಎದೆಬಡಿತ ತಗ್ಗುತ್ತದೆ. ನೀಳವಾಗಿ ರಾಗವೆಳೆದು ಹಾಡುವವರಿಗೆ ಈ ಪ್ರಯೋಜನ ತಾನಾಗಿಯೇ ಸಿಗುತ್ತದೆ.

ಆ ಗಂಟೆಯಲ್ಲಿ ಯಾವ ಭಾಷೆಯಲ್ಲಿ ಮಾತನಾಡಬೇಕು? ಬಾಯಿಗೆ ಬಂದ ಭಾಷೆಯಲ್ಲಿ. ತುಳುವಿನ ನಡುವೆ ಮಲಯಾಳದ ಶಬ್ದ ಬಂತೆಂದು, ಕನ್ನಡದ ವಾಕ್ಯ ಪುಸ್ತಕದಂತೆ ಇಲ್ಲವೆಂದು ತಿದ್ದಬಾರದು. ತಿದ್ದುವುದಕ್ಕೆ ನಾವು ಅಧ್ಯಾಪಕರಿದ್ದೇವೆ, ಅದಕ್ಕಾಗಿ ಸಂಬಳ ಪಡೆಯುತ್ತೇವೆ. ಮಳೆಗಾಲದಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಚಾವಡಿಗಳಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಕೆಲವೆಡೆ ಈಗಲೂ ನಡೆಯುತ್ತದೆ. ಅದನ್ನು ಕೇಳಿ ಬೆಳೆದವರು ಒಳ್ಳೆಯ ಕನ್ನಡವನ್ನು ಯಾರ ಬೈಗಳೂ ಇಲ್ಲದೆ ಕಲಿತರು. ಆಟಿಯ ಜಡಿಮಳೆಯ ಒಂದು ಭಾನುವಾರ, ಹುರಿದ ಹಲಸಿನ ಬೀಜ ಎದುರಿಗಿಟ್ಟುಕೊಂಡು ಅಜ್ಜನಿಂದ ಒಂದು ಪ್ರಸಂಗದ ಕತೆ ಹೇಳಿಸಿರಿ. ಕನ್ನಡವೂ ಉಳಿಯುತ್ತದೆ, ಮಕ್ಕಳ ಮನಸ್ಸೂ ಹಗುರಾಗುತ್ತದೆ.

ನಿದ್ದೆಯ ವಿಚಾರವಂತೂ ಅತಿ ಮುಖ್ಯ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೇರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ತಿಳಿಸಿದೆ. ಬೆಳಿಗ್ಗೆ ಐದೂವರೆಗೆ ಏಳುವ ಮಗು ಒಂಬತ್ತೂವರೆಗಾದರೂ ಮಲಗಬೇಕು. ಆದರೆ ಅಪ್ಪ ಗಲ್ಫಿನಲ್ಲಿರುವ ಮನೆಗಳ ಕಷ್ಟ ಬೇರೆ. ದುಬಾಯಿಯಲ್ಲಿ ರಾತ್ರಿ ಎಂಟೂವರೆಗೆ ಕೆಲಸ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಹತ್ತು ಗಂಟೆ, ಕುವೈತಿನಿಂದಾದರೆ ಹನ್ನೊಂದು. ಅಪ್ಪನ ಮುಖ ನೋಡದೆ ಮಲಗಲು ಮಗುವಿಗೆ ಮನಸ್ಸಿಲ್ಲ. ಸಿಕ್ಕ ಹತ್ತು ನಿಮಿಷದಲ್ಲಿ ಅಪ್ಪನಿಗೆ ಅಂಕವನ್ನು ಬಿಟ್ಟು ಕೇಳಲು ಬೇರೆ ಪ್ರಶ್ನೆ ತೋಚುವುದಿಲ್ಲ. ಅಲ್ಲಿರುವ ಸಹೋದರರಲ್ಲಿ ಒಂದು ವಿನಂತಿ. ಸಾಧ್ಯವಾದರೆ ಇಲ್ಲಿಯ ಬೆಳಿಗ್ಗೆ, ಮಗು ಶಾಲೆಗೆ ಹೊರಡುವ ಮೊದಲು ಎರಡು ನಿಮಿಷ ಮಾತನಾಡಿರಿ; ಹಣದ ಮಾತು, ಸಾಲದ ಮಾತು, ಅಂಕದ ಮಾತು ಶುಕ್ರವಾರದ ರಜೆಗಿರಲಿ. ಉಳಿದ ದಿನ ಹಸು ಕರು ಹಾಕಿತೇ, ಬಾವಿಯಲ್ಲಿ ನೀರೆಷ್ಟಿದೆ ಎಂದು ಕೇಳಿರಿ.

ಶಾಂತಿ ಎಂದರೆ ಹೆಂಗಸರ ಮೌನವಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮನೆ ಶಾಂತವಾಗಿರಲಿ ಎಂದು ಗಂಡಸರು ಹೇಳುವಾಗ, ಹೆಚ್ಚಾಗಿ ಅದರ ಅರ್ಥ ಹೆಂಗಸರು ಬಾಯಿ ಮುಚ್ಚಿಕೊಂಡಿರಲಿ ಎಂದು. ದನದ ಹಾಲು ಕರೆದು, ಎಲ್ಲರ ಬುತ್ತಿ ಕಟ್ಟಿ, ಕೂಲಿಗೋ ಕಚೇರಿಗೋ ಹೋಗಿ ಬಂದು, ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವವಳಿಗೆ ಆ ಮುಸ್ಸಂಜೆಯ ಶಾಂತ ಗಂಟೆ ಎಲ್ಲಿಂದ ಬರಬೇಕು? ಎಲ್ಲರೂ ಜಗಲಿಯಲ್ಲಿ ಕುಳಿತು ಗಾಳಿ ಸವಿಯುವಾಗ ಒಬ್ಬಳು ಒಳಗೆ ತೆಂಗಿನಕಾಯಿ ತುರಿಯುತ್ತಿದ್ದರೆ ಅದು ಶಾಂತಿಯ ಮನೆಯಲ್ಲ. ತೆಂಗಿನಕಾಯಿಯನ್ನು ಗಂಡಸರೂ ತುರಿಯಬಹುದು. ಪಾತ್ರೆಯನ್ನು ಹುಡುಗರೂ ತೊಳೆಯಬಹುದು. ಕೆಲಸ ಹಂಚಿಕೊಂಡರೆ ಅರ್ಧ ಸಿಟ್ಟು ಅಲ್ಲಿಯೇ ಇಳಿಯುತ್ತದೆ.

ಎಂಡೋಸಲ್ಫಾನ್ ಪೀಡಿತರ ಮನೆಗಳನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ. ತೋಟಗಾರಿಕಾ ನಿಗಮದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸುವುದು ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆಯನ್ನೂ ಮಾರಾಟವನ್ನೂ ತಡೆಯಿತು. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಆದರೆ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರುಗಳಲ್ಲಿ ಬೆಳೆದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸಿ ತುತ್ತು ಕೊಡುವ ತಾಯಂದಿರಿದ್ದಾರೆ. ಅವರ ಬಳಿ ಹೋಗಿ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಿ ಎಂದು ಉಪದೇಶಿಸುವವನಿಗೆ ನಾಚಿಕೆಯಾಗಬೇಕು. ಅವರಿಗೆ ಬೇಕಾದುದು ತಿಂಗಳಿಗೆ ನಾಲ್ಕು ಸಲವಾದರೂ ಒಬ್ಬ ನೆರೆಯವರು ಬಂದು, “ಎರಡು ಗಂಟೆ ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಮಲಗಿ ಅಕ್ಕ” ಎನ್ನುವುದು. ಕೆಲವು ಮನೆಗಳ ಶಾಂತಿಯನ್ನು ಆ ಮನೆಯವರೇ ಉಂಟುಮಾಡಲಾರರು. ನೆರೆಹೊರೆ ಕೊಡಬೇಕು, ಸರಕಾರ ಕೊಡಬೇಕು.

ಹೋರಾಟ ಬಿಡಬೇಕೆ?

ಮನೆಯಲ್ಲಿ ಶಾಂತಿ ಎಂದು ಕೂತರೆ ಕನ್ನಡದ ಹೋರಾಟದ ಗತಿಯೇನು ಎಂದು ಕೆಲವರು ಆಕ್ಷೇಪಿಸಬಹುದು. ಹೋರಾಟ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅಧ್ಯಾಪಕರ ನೇಮಕದಲ್ಲಿ ಅನ್ಯಾಯವಾದರೆ ಶಿಕ್ಷಣ ಇಲಾಖೆಯ ಬಾಗಿಲಲ್ಲಿ ನಿಲ್ಲೋಣ. ಕನ್ನಡದ ಫಲಕ ಮಾಯವಾದರೆ ಪಂಚಾಯತಿಗೆ ಬರೆಯೋಣ. ಕೋರ್ಟಿಗೆ ಹೋಗಬೇಕಾದರೆ ಹೋಗೋಣ. ಆದರೆ ಹೋರಾಡಬೇಕಾದವರು ದೊಡ್ಡವರು. ಅದರ ಜಾಗ ಕಚೇರಿ, ಸಭೆ, ಪತ್ರಿಕೆ. ಸಭೆಯಲ್ಲಿ ಬಾಯಿ ತೆರೆಯದೆ ಮನೆಗೆ ಬಂದು ಮಕ್ಕಳ ಮುಂದೆ ಗೊಣಗುವುದನ್ನು ಹೋರಾಟವೆನ್ನಲಾಗದು. ಕನ್ನಡವೆಂದರೆ ಸಿಟ್ಟು, ಅಳು, ಸೋಲು ಎಂದು ನೆನಪಿಟ್ಟುಕೊಂಡ ಮಗು ದೊಡ್ಡದಾದ ಮೇಲೆ ಕನ್ನಡದಿಂದ ದೂರ ಓಡುತ್ತದೆ. ಕನ್ನಡವೆಂದರೆ ಅಜ್ಜನ ಕತೆ, ಜಗಲಿಯ ಗಾಳಿ, ನಗು ಎಂದು ನೆನಪಿಟ್ಟುಕೊಂಡ ಮಗು ಬೆಂಗಳೂರಿಗೆ ಹೋಗಲಿ, ಬಹರೈನಿಗೆ ಹೋಗಲಿ, ಅದನ್ನು ಜೊತೆಗೆ ಒಯ್ಯುತ್ತದೆ.

ಮನೆಯ ಪ್ರೀತಿಗೂ ಮೀರಿದ ಖಿನ್ನತೆ ಇರುತ್ತದೆ ಎಂಬುದನ್ನೂ ಮರೆಯಬಾರದು. 2022ರ ಸರಕಾರಿ ಅಂಕಿ ಅಂಶಗಳ ಪ್ರಕಾರ ಆತ್ಮಹತ್ಯೆಯ ಪ್ರಮಾಣ ದೇಶದಲ್ಲಿ ಲಕ್ಷಕ್ಕೆ 12.4 ಇದ್ದರೆ ಕೇರಳದಲ್ಲಿ 28.5. ಸಾಕ್ಷರತೆಯಲ್ಲಿ ಮುಂದಿರುವ ನಾಡಿಗೆ ಇದು ಯೋಚಿಸಬೇಕಾದ ವಿಷಯ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಆಟಗಳಲ್ಲಿ ಆಸಕ್ತಿ ಕಳೆದುಕೊಂಡವರನ್ನು, ಬದುಕು ಬೇಡವೆನ್ನುವವರನ್ನು ದೃಷ್ಟಿ ತೆಗೆಸಿ ಸುಮ್ಮನಿರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಕೇರಳ ಸರಕಾರದ ‘ದಿಶಾ’ ಸಹಾಯವಾಣಿಯ ಸಂಖ್ಯೆ 1056. ಈ ಎರಡು ಸಂಖ್ಯೆಗಳನ್ನು ಕ್ಯಾಲೆಂಡರಿನ ಬದಿಯಲ್ಲಿ ಬರೆದಿಡಿರಿ. ಜ್ವರಕ್ಕೆ ಮದ್ದು ತರುವುದು ಹೇಗೆ ಅವಮಾನವಲ್ಲವೋ ಇದೂ ಹಾಗೆಯೇ.

ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆಯನ್ನು ನಾವು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇವೆ. ಅದನ್ನು ಆಚರಿಸಬೇಕಾದವರು ದೊಡ್ಡವರು. ಇಂದಿನ ರಾತ್ರಿಯ ಊಟದ ಹೊತ್ತಿಗೆ ಒಂದು ಪ್ರಯೋಗ ಮಾಡೋಣ. ಟಿ.ವಿ. ನಿಲ್ಲಲಿ. ಅಂಕದ ಮಾತು ಬೇಡ, ಮಾಧ್ಯಮದ ಮಾತು ಬೇಡ, ಆಚೆಮನೆಯ ಮಗುವಿನ ಮಾತು ಬೇಡ. “ಇವತ್ತು ಶಾಲೆಯಲ್ಲಿ ನಗು ಬಂದದ್ದು ಯಾವಾಗ ಮಗಾ?” ಎಂದು ಕೇಳಿ, ಉತ್ತರ ಯಾವ ಭಾಷೆಯಲ್ಲಿ ಬಂದರೂ ಪೂರ್ತಿ ಕೇಳೋಣ. ಮೊದಲ ದಿನ ಉತ್ತರ ಬಾರದೆ ಹೋಗಬಹುದು. ಮರುದಿನವೂ ಕೇಳೋಣ.